ಬಿಡದ ಬೆಸುಗೆ

ಕಪಿಲೆಯ ದಡದ ಆ ಪುಟ್ಟ ಮಠದ ಸ್ವಾಮಿಗಳು ಕಾವಿ ಉಡುವ ಮುಂಚೆ ರೇಡಿಯೊ ರಿಪೇರಿ ಮಾಡುತ್ತಿದ್ದವರು. ಕಾವಿ ಬಂದರೂ ಕೈ ಕಲಿತದ್ದು ಹೋಗಲಿಲ್ಲ. ಶಿಷ್ಯ ಮರಿದೇವನಿಗೂ ವಚನದ ಜೊತೆ ಅದನ್ನೇ ಕಲಿಸುತ್ತಿದ್ದರು.

ಮಠದಲ್ಲಿ ಬಹುಕಾಲ ಅಡುಗೆ ಮಾಡಿದ ಚೆನ್ನಾಜಮ್ಮ ಈಗ ಉಸಿರಾಟದ ತೊಂದರೆಯಿಂದ ಹಾಸಿಗೆ ಹಿಡಿದಿದ್ದರು. ಆಕ್ಸಿಜನ್ ಮೆಷಿನ್ ಇಲ್ಲದೆ ಅವರಿಗೆ ಆಗುತ್ತಿರಲಿಲ್ಲ. ಅವತ್ತು ಬೆಳಿಗ್ಗೆ ಆ ಮೆಷಿನ್ ನಿಂತುಹೋಯಿತು. ಇದ್ದ ಒಂದು ಸಿಲಿಂಡರ್ ಸಂಜೆವರೆಗೆ ಬಂದರೆ ಹೆಚ್ಚು.

ಸ್ವಾಮಿಗಳು ಪ್ಲಗ್ ಕಿತ್ತು ಮೆಷಿನ್ ಬಿಚ್ಚಿ ನೋಡಿದರು. ಬೋರ್ಡಿನ ಮೇಲೆ ಎರಡು ಕೆಪಾಸಿಟರ್ ಪೂರಿ ಹಾಗೆ ಉಬ್ಬಿಕೊಂಡಿದ್ದವು. ಅವನ್ನು ತೆಗೆದು ಹೊಸದು ಕೂರಿಸು ಎಂದು ಮರಿದೇವನಿಗೆ ಹೇಳಿದರು.

ಮರಿದೇವನ ಮುಖ ಗಂಟಾಯಿತು. ಒಮ್ಮೆ ಊಟ ಮುಗಿಸಿ ಎಲೆ ಎತ್ತದೆ ಎದ್ದನೆಂದು ಚೆನ್ನಾಜಮ್ಮ ಭಕ್ತರ ಪಂಕ್ತಿಯ ಎದುರೇ ಅವನಿಗೆ ಮಂಗಳಾರತಿ ಮಾಡಿದ್ದರು. ಅಂದಿನಿಂದ ಇವನು ಅವರ ಮುಂದೆ ಬಾಯಿ ಬಿಟ್ಟವನಲ್ಲ. ಬಡಿಸಿದರೆ ಉಂಡ, ಬೇಕು ಬೇಡ ಅನ್ನಲಿಲ್ಲ. ಅಬ್ಬಾ, ಅವನ ಹಠವೇ!

"ಮಾಡ್ತೀನಿ ಬುದ್ಧಿ," ಎಂದ. "ಆದ್ರೆ ಆವತ್ತಿನ ಮಾತು ಎದೆಯಿಂದ ಬಿಡ್ತಾನೇ ಇಲ್ಲ. ಹೆಂಗೆ ಬಿಡಿಸ್ಕೊಳ್ಳಲಿ?"

"ಮೊದಲು ಇದನ್ನ ಬಿಡಿಸು," ಎಂದರು ಸ್ವಾಮಿಗಳು.

ಮರಿದೇವ ಕೆಪಾಸಿಟರ್‌ಗಳಲ್ಲಿ ಉಳಿದಿದ್ದ ಕರೆಂಟನ್ನು ಇಳಿಸಿದ. ಬೋರ್ಡು ಮಗುಚಿ, ಬೆಸುಗೆಯ ಮೇಲೆ ಕಾದ ಸೋಲ್ಡರಿಂಗ್ ಐರನ್ ಇಟ್ಟ. ಹಳೇ ಸೀಸ ಬೂದಿಬಣ್ಣಕ್ಕೆ ತಿರುಗಿತ್ತು, ಕರಗಲಿಲ್ಲ. ಇನ್ನಷ್ಟು ಒತ್ತಿದ. ರೇಗಿಹೋಗಿ ಕೆಪಾಸಿಟರನ್ನು ಹಿಡಿದು ಎಳೆದ. ಅದರ ತಂತಿಕಾಲಿನ ಸುತ್ತ ಬೋರ್ಡಿಗೆ ಅಂಟಿದ್ದ ತಾಮ್ರದ ಉಂಗುರವೇ ಏಳತೊಡಗಿತು.

ಸ್ವಾಮಿಗಳು ಅವನ ಮಣಿಕಟ್ಟು ಹಿಡಿದರು. ತಾಮ್ರ ಕಿತ್ತುಬಂದರೆ ಬೋರ್ಡು ಕೆಡುತ್ತದೆ, ಸಂಜೆಯೊಳಗೆ ಬೇರೆ ಬೋರ್ಡು ಎಲ್ಲಿಂದ ತರುವುದು? ಪಕ್ಕದ ಕೋಣೆಯಿಂದ ಚೆನ್ನಾಜಮ್ಮನ ಏದುಸಿರು ಕೇಳುತ್ತಿತ್ತು. ಮರಿದೇವನಿಗೆ ನಿಜಕ್ಕೂ ಭಯವಾಯಿತು.

"ಹೊಸ ಸೀಸ ಹಾಕು," ಎಂದರು ಸ್ವಾಮಿಗಳು.

"ಹಳೇದೇ ಬಿಡ್ತಿಲ್ಲ. ಅದರ ಮೇಲೆ ಹೊಸದಾ ಬುದ್ಧಿ?"

ಸ್ವಾಮಿಗಳು ಸೀಸದ ತಂತಿ ಅವನ ಕೈಗಿಟ್ಟರು.

ನಂಬಿಕೆಯಿಲ್ಲದೆಯೇ ಮರಿದೇವ ಐರನ್ನಿನ ತುದಿಗೆ ತಂತಿ ತಾಗಿಸಿದ. ಹೊಸ ಸೀಸ ಕರಗಿ ಹಳೆಯದರೊಳಗೆ ಇಳಿಯಿತು. ಬೂದಿಬಣ್ಣ ಹೋಗಿ ಎಲ್ಲವೂ ಒಟ್ಟಿಗೆ ಫಳಫಳ ಅಂದಿತು. ಎಳೆಯುವುದೇ ಬೇಕಾಗಲಿಲ್ಲ, ಕೆಪಾಸಿಟರ್ ತಾನಾಗಿ ಕೈಗೆ ಬಂತು. ಉಳಿದ ಸೀಸವನ್ನು ಹೀರುವ ಪಂಪಿನಿಂದ ತೆಗೆದ. ಇನ್ನೊಂದನ್ನೂ ಹಾಗೇ ಬಿಡಿಸಿದ. ಹೊಸವುಗಳ ಮೈನಸ್ ಪಟ್ಟಿ ಯಾವ ಕಡೆ ಎಂದು ಎರಡೆರಡು ಸಲ ನೋಡಿ ಬೆಸೆದ.

ಪ್ಲಗ್ ಹಾಕಿದಾಗ ಮೆಷಿನ್ ಗುಂಯ್ ಅಂತ ಶುರುವಾಯಿತು. ಮರಿದೇವನಿಗೆ ಅಳುವೇ ಬಂತು, ನುಂಗಿಕೊಂಡ.

ಮೆಷಿನ್ ಎತ್ತಿಕೊಂಡು ಬಾಗಿಲವರೆಗೆ ಹೋದವನು ನಿಂತ.

"ಇಟ್ಟು ಬರ್ತೀನಿ ಬುದ್ಧಿ. ಮಾತು ಮಾತ್ರ ಅವರೇ ಮೊದಲು ಆಡಲಿ."

ಸ್ವಾಮಿಗಳು ಐರನ್ನಿನ ತುದಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದರು. ತಲೆ ಎತ್ತಲಿಲ್ಲ.

"ಹೊಸ ಸೀಸ ಮೊದಲು ಹಾಕಿದ್ದು ಯಾರಪ್ಪಾ? ಬೋರ್ಡಾ, ನೀನಾ?"