ಓತಿಕ್ಯಾತನ ಕತ್ತು ಕೆಂಪಾದದ್ದು

ಭೂಮಿಗೆ ಬಳಿದ ಬಣ್ಣ ಇನ್ನೂ ಆರಿರದ ಕಾಲ. ಗಿಳಿಯನ್ನು ಮುಟ್ಟಿದರೆ ಬೆರಳಿಗೆ ಹಸಿರು ಹತ್ತುತ್ತಿತ್ತು. ಗಾಳಿಗೆ ಮಾತು ಬರುತ್ತಿತ್ತು, ಗಿಡಕ್ಕೆ ಬರುತ್ತಿತ್ತು, ಇರುವೆಗೂ ಬರುತ್ತಿತ್ತು. ಎಲ್ಲವೂ ಹೊಸದು. ಹಳೆಯದು ಅಂತ ಇದ್ದದ್ದು ಒಂದೇ, ಹೊಟ್ಟೆಕಿಚ್ಚು. ಅದು ಭೂಮಿಗಿಂತ ಮೊದಲೇ ಹುಟ್ಟಿತ್ತಂತೆ.

ಆಗ ಓತಿಕ್ಯಾತ ಒಣಗಿದ ಕಡ್ಡಿಯ ಬಣ್ಣದವನು. ಅವನ ಕತ್ತು ಕೆಂಪಿರಲಿಲ್ಲ. ಅವನು ತಲೆ ಕುಣಿಸುತ್ತಲೂ ಇರಲಿಲ್ಲ. ಬೇಲಿಯ ಮೇಲೆ ಬಿದ್ದುಕೊಂಡು ಬಿಸಿಲು ಕಾಯಿಸುತ್ತಿದ್ದ, ಅಷ್ಟೇ.

ಬೇಲಿ ಯಾಕೆ ಬಂತು ಅಂದರೆ, ಅಣ್ಣ ತಮ್ಮ ಪಾಲಾದರು. ಅಣ್ಣನ ಹೆಂಡತಿ ಮಂಚವ್ವ, ತಮ್ಮನ ಹೆಂಡತಿ ಚೌಡಿ. ಒಂದೇ ಹಿತ್ತಿಲಿನ ನಡುವೆ ಬೇಲಿ ಎದ್ದಿತು. ಈಚೆಗೆ ಮಂಚವ್ವನ ತುಳಸಿ, ಮಂಚವ್ವನ ಕರಿಬೇವು. ಆಚೆಗೆ ಚೌಡಿಯ ತುಳಸಿ, ಚೌಡಿಯ ಕರಿಬೇವು. ಮಣ್ಣು ಒಂದೇ, ಮಳೆ ಒಂದೇ, ಬಾವಿಯ ನೀರೂ ಒಂದೇ.

ಆದರೆ ಹಕ್ಕಿಗಳೆಲ್ಲ ಚೌಡಿಯ ಕಡೆ! ಪಿಕಳಾರಗಳು ಜಗಳವಾಡುವುದೂ ಅಲ್ಲೇ, ರಾಜಿಯಾಗುವುದೂ ಅಲ್ಲೇ. ಸೂರಕ್ಕಿ ಅವಳ ದಾಸವಾಳಕ್ಕೇ ತಲೆಕೆಳಗಾಗಿ ಜೋತುಬೀಳುತ್ತಿತ್ತು. ಒಡೆದ ಮಡಕೆಯ ತಳದಲ್ಲಿ ಅವಳು ಇಟ್ಟ ನೀರನ್ನು ಅಳಿಲು ಬಂದು ಕುಡಿಯುತ್ತಿತ್ತು. ಚಿಟ್ಟೆಗಳನ್ನಂತೂ ಕೇಳಲೇಬೇಡಿ. ಮಂಚವ್ವನ ಕಡೆ ಬರುತ್ತಿದ್ದದ್ದು ನೊಣ ಮಾತ್ರ. ಅದೂ ದಾರಿ ತಪ್ಪಿ.

ಹಕ್ಕಿ ಹೋದರೆ ಹೋಗಲಿ. ಮಂಚವ್ವನಿಗೆ ಕೆಂಚಿ ಅಂತ ಒಬ್ಬಳೇ ಮಗಳು. ಬೆಳಗ್ಗೆ ಎದ್ದು ಕಣ್ಣುಜ್ಜಿಕೊಂಡು ಬೇಲಿಯ ಕಿಂಡಿಯಲ್ಲಿ ನುಸುಳಿದರೆ, ಅವಳೂ ಚಿಕ್ಕವ್ವನ ಹಿತ್ತಿಲಿಗೆ! ಉಣ್ಣಲು ಕರೆದರೆ, "ಕೂಗ್ಬ್ಯಾಡ ಕಣವ್ವ, ಹಕ್ಕಿ ಹಾರೋಯ್ತದೆ" ಅನ್ನುತ್ತಿದ್ದಳು.

ಮಂಚವ್ವನ ಹೊಟ್ಟೆಗೆ ಕೆಂಡ ಬಿದ್ದಂತಾಯಿತು. ಹಕ್ಕಿಯನ್ನು ಕಿತ್ತುಕೊಂಡದ್ದು ಸಾಲದು ಅಂತ ಮಗಳನ್ನೂ ಕಿತ್ತುಕೊಂಡಳಲ್ಲ ಈ ಚೌಡಿ!

"ನನ್ ಹಿತ್ಲಿಗೇನ್ ಕಮ್ಮಿ?" ಅಂದಳು.

ಕಮ್ಮಿ ಏನೂ ಇರಲಿಲ್ಲ. ಅಂಥ ಚೊಕ್ಕಟವಾದ ಹಿತ್ತಿಲು ಸುತ್ತ ಏಳೂರಲ್ಲಿ ಸಿಗುತ್ತಿರಲಿಲ್ಲ. ಒಂದು ತರಗೆಲೆ ಬಿದ್ದರೆ ಗುಡಿಸುತ್ತಿದ್ದಳು. ಇನ್ನೊಂದು ಬೀಳುವುದನ್ನು ಪೊರಕೆ ಹಿಡಿದು ಕಾಯುತ್ತಿದ್ದಳು.

ಕೊನೆಗೆ ಓತಿಕ್ಯಾತನನ್ನು ಕರೆದಳು. "ಲೇ ಓತಿಕ್ಯಾತ, ಹಗಲೆಲ್ಲ ಬೇಲಿ ಮ್ಯಾಲೇ ಬಿದ್ದಿರ್ತೀಯ. ಅವಳು ಅದೇನ್ ಮಾಟ ಮಾಡ್ತಾಳೋ ನೋಡಿ ಹೇಳು."

ಓತಿಕ್ಯಾತ ಕಾದಿದ್ದವನ ಹಾಗೆ ಒಪ್ಪಿಕೊಂಡ. ಅವನ ಹೊಟ್ಟೆಯೂ ತಣ್ಣಗಿರಲಿಲ್ಲ. ಸೂರಕ್ಕಿಯನ್ನು ನೋಡಲು ಕೆಂಚಿ ಉಸಿರು ಬಿಗಿಹಿಡಿದು ಕೂರುತ್ತಿದ್ದಳು. ಅವನನ್ನು ನೋಡಲು ಒಂದು ಸಲವೂ ಹತ್ತಿರ ಬಂದವಳಲ್ಲ. ರೆಕ್ಕೆ ಇದ್ದವರಿಗೇ ಮರ್ಯಾದೆ ಅಂತ ಅವನು ಒಳಗೊಳಗೇ ಕುದಿಯುತ್ತಿದ್ದ.

ಅವನು ನೋಡಿ ಬಂದು ಹೇಳಿದ: "ಆವಮ್ಮ ತುಳಸಿ ಮುಂದೆ ರಂಗೋಲಿ ಬುಡ್ತಾಳೆ. ಅದ್ಕೆ ಇರುವೆ ಬತ್ತವೆ. ಇರುವೆ ಹಿಂದ್ಗುಟ್ಟೇ ಹಕ್ಕಿ ಬತ್ತವೆ."

"ಅಷ್ಟೇನಾ!" ಅಂದು ಮಂಚವ್ವ ಮಾರನೆಯ ಬೆಳಗ್ಗೆ ಕಣದಷ್ಟಗಲ ರಂಗೋಲಿ ಬಿಟ್ಟಳು. ಚೌಡಿ ರಂಗೋಲಿ ಬಿಡುತ್ತಿದ್ದದ್ದು ಅಕ್ಕಿ ಹಿಟ್ಟಿನಲ್ಲಿ. ಹಿಟ್ಟಿನದಾದರೆ ಇರುವೆ ತಿಂದು ಎಳೆ ಅಳಿಸಿಹೋಗುತ್ತದಲ್ಲ? ಅದಕ್ಕೇ ಮಂಚವ್ವ ಬಿಳಿ ಕಲ್ಲನ್ನು ನುಣ್ಣಗೆ ಕುಟ್ಟಿ ಪುಡಿ ಮಾಡಿದ್ದಳು.

ಇರುವೆಗಳು ಸಾಲಾಗಿ ಬಂದವು, ಬಾಯಿಟ್ಟವು, ತಲೆ ಎತ್ತಿದವು. "ಅವ್ವಾ, ಇದು ಹಿಟ್ಟಲ್ಲ, ಕಲ್ಲು" ಅಂತು ಹಿರೀ ಇರುವೆ.

"ತಿನ್ನಾಕೆ ಯಾರ್ ಕರದ್ರು? ನೋಡ್ಕೊಂಡ್ ಹೋಗ್ರಿ!"

ಇರುವೆಗಳು ತಿರುಗಿ ಬೇಲಿಯ ಕೆಳಗೆ ನುಸುಳಿಹೋದವು. ಸಂಜೆಯವರೆಗೂ ರಂಗೋಲಿಯ ಒಂದು ಎಳೆಯೂ ಅಳಿಸಲಿಲ್ಲ. ನೋಡುವವರೂ ಯಾರೂ ಇರಲಿಲ್ಲ.

"ನನ್ ಹಿತ್ಲಿಗೇನ್ ಕಮ್ಮಿ?" ಅಂತ ಮಂಚವ್ವ ಮತ್ತೆ ಕೇಳಿದಳು.

ಓತಿಕ್ಯಾತ ಇನ್ನೊಮ್ಮೆ ನೋಡಿ ಬಂದ. "ಆವಮ್ಮನ ಕರಿಬೇವಲ್ಲಿ ಒಂದೆಲೆನೂ ನೆಟ್ಟಗಿಲ್ಲ, ಬರೀ ತೂತು. ಆದ್ರೂ ಚಿಟ್ಟೆಗೋಳು ಅದ್ನೇ ಸುತ್ತತವೆ."

ಮಂಚವ್ವ ಬಾಯಿಗೆ ಸೆರಗಿಟ್ಟುಕೊಂಡು ನಕ್ಕಳು. ತನ್ನ ಕರಿಬೇವಿಗೆ ಒಂದು ತೂತಿಲ್ಲ! ದಿನಾ ಬೆಳಗ್ಗೆ ಹುಳುಗಳನ್ನು ಹೆಕ್ಕಿ ಎಸೆದು, ಎಲೆಗಳನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳು.

"ಅವ್ವಾ, ಒಂದು ಹುಳನಾದ್ರೂ ಬುಡು" ಅಂತ ಕರಿಬೇವು ಬೇಡಿಕೊಂಡಿತು.

"ಚಿಟ್ಟೆ ಬರ್ಲಿ, ಬ್ಯಾಡ ಅನ್ನಲ್ಲ. ಹುಳ ಬ್ಯಾಡ."

ದಾರಿಯಲ್ಲಿ ಹೋಗುತ್ತಿದ್ದ ಗಾಳಿ ನಿಂತು ನಕ್ಕಿತು. "ಹಸ ಬ್ಯಾಡ, ಹಾಲು ಮಾತ್ರ ಬೇಕು ಅಂದಂಗಾಯ್ತು ಮಂಚವ್ವ ನಿನ್ ಮಾತು." ಮಂಚವ್ವ ಗಾಳಿಗೂ ಪೊರಕೆ ತೋರಿಸಿದಳು.

ಅದೇ ಸಮಯಕ್ಕೆ ಕೆಂಚಿ ಓಡಿ ಬಂದಳು. ಚಿಕ್ಕವ್ವನ ಕರಿಬೇವಿನಲ್ಲಿ ಅವಳದೊಂದು ಹಸಿರು ಹುಳ ಇತ್ತು. ಅವಳೇ ಅದಕ್ಕೆ ದುಂಡ ಅಂತ ಹೆಸರಿಟ್ಟಿದ್ದಳು. "ಅವ್ವಾ, ದುಂಡ ನಾಳೆ ತೊಟ್ಲು ಕಟ್ಕೊಂಡು ಒಳಗೆ ಮನಿಕತಾನಂತೆ. ಆಮ್ಯಾಕೆ ಚಿಟ್ಟೆ ಆಯ್ತಾನಂತೆ. ಅವ್ನು ಚಿಟ್ಟೆ ಆಗೋಗಂಟ ನಾನು ಚಿಕ್ಕವ್ವನ ಮನೇಲೇ ಇರ್ತೀನಿ!" ಅಂದವಳೇ ತನ್ನ ಚಾಪೆ ಎತ್ತಿಕೊಂಡು ಓಡಿದಳು.

ಚಾಪೆ ಹೋದದ್ದನ್ನು ನೋಡಿ ಮಂಚವ್ವನಿಗೆ ತಡೆಯಲಾಗಲಿಲ್ಲ. "ಓತಿಕ್ಯಾತ, ಆಚೆ ಗಿಡದಾಗಿರೋ ಹುಳನೆಲ್ಲ ತಿಂದ್ಬುಡು. ಒಂದೂ ಉಳೀಕೂಡ್ದು."

ಮಟಮಟ ಮಧ್ಯಾಹ್ನ ಎಲ್ಲರೂ ಉಣ್ಣಲು ಕೂತಿದ್ದಾಗ ಓತಿಕ್ಯಾತ ಇಳಿದ. ಒಂದೊಂದಾಗಿ ನುಂಗಿದ. ದುಂಡನನ್ನು ಎಲ್ಲಕ್ಕಿಂತ ಕೊನೆಗೆ ನುಂಗಿದ.

ಕೆಂಚಿ ಬಂದು ಪ್ರತಿ ಎಲೆಯನ್ನೂ ತಿರುವಿ ನೋಡಿದಳು. "ದುಂಡಾ, ದುಂಡಾ" ಅಂತ ಮೆಲ್ಲಗೆ ಕರೆದಳು. ಆಮೇಲೆ ಗಿಡದ ಬುಡದಲ್ಲಿ ಕೂತುಬಿಟ್ಟಳು. ಚಿಕ್ಕವ್ವ ಕೊಟ್ಟ ಮುದ್ದೆಯನ್ನು ಮುಟ್ಟಲಿಲ್ಲ. "ಬಾರೆ ಮಗಾ, ಮನೀಗೆ" ಅಂತ ಅವ್ವ ಬೇಲಿಯಾಚೆಯಿಂದ ಕರೆದರೂ ತಲೆ ಎತ್ತಲಿಲ್ಲ. ಚೌಡಿಯ ಹಿತ್ತಿಲು ಬರಿದಾದರೆ ಮಗಳು ತನ್ನಲ್ಲಿಗೆ ಬರುತ್ತಾಳೆ ಅಂತ ಮಂಚವ್ವ ಅಂದುಕೊಂಡಿದ್ದಳು. ಮಗಳು ಬರಲಿಲ್ಲ.

"ಬೇಲಿ ಮ್ಯಾಲಿರೋನು ನೀನು. ಹುಳ ತಿಂದೋರ್ ಯಾರಪ್ಪ?" ಅಂತ ಚೌಡಿ ಓತಿಕ್ಯಾತನನ್ನು ಕೇಳಿದಳು.

"ನಾನಂತೂ ಅಲ್ಲ. ಬೇಕಾದ್ರೆ ಈ ಬೇಲಿ ಗೂಟಾನೇ ಕೇಳು."

ಗೂಟ ಏನು ಹೇಳೀತು? ಅದರ ನೆತ್ತಿಯ ಮೇಲೇ ಅವನು ಕೂತಿದ್ದ. ಓತಿಕ್ಯಾತಕ್ಕೆ ಬೇಲಿ ಗೂಟ ಸಾಕ್ಷಿ ಅನ್ನುವ ಮಾತು ಹುಟ್ಟಿದ್ದು ಆವತ್ತೇ.

ಆಗ ಕೆಂಚಿ ಎದ್ದಳು. ಬೇಲಿಯ ಹತ್ತಿರ ಬಂದು, ತುದಿಗಾಲಲ್ಲಿ ನಿಂತು, ಅವನ ಮುಖಕ್ಕೆ ಮುಖ ಕೊಟ್ಟು ನೋಡಿದಳು. ಈ ಮಗು ಒಂದೇ ಒಂದು ಸಲ ತನ್ನನ್ನೂ ಹೀಗೆ ನೋಡಲಿ ಅಂತ ಅವನು ಎಷ್ಟು ಆಸೆಪಟ್ಟಿದ್ದ!

"ದುಂಡನ್ನ ನೀನ್ ತಿಂದ್ಯಾ?"

ಇಲ್ಲ ಅಂತ ತಲೆಯಾಡಿಸಲು ಹೋದ. ಆಗಲಿಲ್ಲ. ತಲೆ ತಾನಾಗೇ ಮೇಲೆ ಹೋಯಿತು, ಕೆಳಗೆ ಬಂತು. ಹೌದು. ಮತ್ತೆ ಮೇಲೆ, ಮತ್ತೆ ಕೆಳಗೆ. ಹೌದು, ಹೌದು. ಹೊಟ್ಟೆಯೊಳಗೆ ಇಷ್ಟು ದಿನ ಉರಿಯುತ್ತಿದ್ದದ್ದು ಕತ್ತಿಗೇರಿ ಕೆಂಪಗೆ ಹೊರಗೆ ಕಾಣಿಸಿತು. ಆ ಕಾಲದಲ್ಲಿ ಬಣ್ಣಗಳಿನ್ನೂ ಹಸಿ ನೋಡಿ, ಅದು ಅಲ್ಲೇ ಹಿಡಿದುಕೊಂಡಿತು.

"ತಿನ್ನು ಅಂದೋರ್ ಯಾರು?"

ಓತಿಕ್ಯಾತ ಬಾಯಿ ಬಿಡಲಿಲ್ಲ. ಮಂಚವ್ವ ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

"ನಾನೇ ಕಣೆ ಮಗಾ" ಅಂದಳು. "ನೀನು ಇತ್ತಾಗ್ ಬರ್ಲಿ ಅಂತ."

ಕೆಂಚಿ ಅವ್ವನನ್ನು ನೋಡಿದಳು, ಗುಡಿಸಿ ಒರೆಸಿದ ಹಿತ್ತಿಲನ್ನು ನೋಡಿದಳು. "ಅಲ್ಲಿ ನೋಡಾಕೆ ಏನೈತವ್ವ?" ಅಂದಳು.

ಮಂಚವ್ವ ನೆಲಕ್ಕೆ ಕೂತು ಅತ್ತಳು. ಚೌಡಿ ಬಾಯಿಗೆ ಬಂದದ್ದನ್ನು ನುಂಗಿಕೊಂಡು, ಗಿಡದ ಎಲೆಗಳನ್ನು ತಿರುವುತ್ತಾ ಹೋದಳು. ಒಂದು ಚಿಗುರಿನ ಕೆಳಗೆ ರಾಗಿ ಕಾಳಿಗಿಂತ ಚಿಕ್ಕದೊಂದು ಚಿಟ್ಟೆಯ ಮೊಟ್ಟೆ ಉಳಿದಿತ್ತು. ಆ ಚಿಗುರನ್ನು ಮುರಿದು ಬೇಲಿಯ ಮೇಲೆ ಚಾಚಿದಳು. "ತಗೋ ಅಕ್ಕ. ಹುಳ ತಿನ್ನಾಕೆ ನಿನ್ ಗಿಡದಾಗೆ ಎಲೆ ಸಂದಾಗವೆ."

ಮಂಚವ್ವ ಅದನ್ನು ತನ್ನ ಕರಿಬೇವಿಗೆ ನಾರಿನಿಂದ ಕಟ್ಟಿದಳು. ಹುಳ ಹುಟ್ಟಿತು, ತಿನ್ನತೊಡಗಿತು. ಒಂದೊಂದು ತೂತು ಬಿದ್ದಾಗಲೂ ಧಾರೆ ಸೀರೆಗೇ ಕತ್ತರಿ ಬಿದ್ದಷ್ಟು ಸಂಕಟ. ಕೈ ಹುಳುವಿನ ಕಡೆಗೇ ಹೋಗುತ್ತಿತ್ತು, ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು. ರಂಗೋಲಿಗೆ ಅಕ್ಕಿ ಹಿಟ್ಟು ಬಂತು. ಹಿಟ್ಟಿಗೆ ಇರುವೆ ಬಂತು, ಇರುವೆಗೆ ಹಕ್ಕಿ ಬಂತು. ಹಕ್ಕಿಯ ಹಿಂದೆ ಒಂದು ಬೆಳಗ್ಗೆ ಚಾಪೆ ಹೊತ್ತುಕೊಂಡು ಕೆಂಚಿಯೂ ಬಂದಳು. ಅವ್ವನ ಪಕ್ಕ ಕೂತು, "ಶ್! ಮಾತಾಡ್ಬ್ಯಾಡ ಕಣವ್ವ" ಅಂದಳು. ಮಂಚವ್ವ ಉಸಿರೂ ಬಿಡಲಿಲ್ಲ.

ಹುಳ ಕಟ್ಟಿಕೊಂಡಿದ್ದ ತೊಟ್ಟಿಲು ಬಿರಿದು ಚಿಟ್ಟೆ ಹೊರಗೆ ಬಂತು. ಕಪ್ಪು ರೆಕ್ಕೆ, ಮೇಲೆ ಹಳದಿ ಚುಕ್ಕೆ. ರೆಕ್ಕೆ ಆರಿಸಿಕೊಂಡಿತು, ಹಾರಿತು, ನೇರವಾಗಿ ಬೇಲಿ ದಾಟಿ ಚೌಡಿಯ ದಾಸವಾಳದ ಮೇಲೆ ಹೋಗಿ ಕೂತಿತು!

ಮಂಚವ್ವನ ಹೊಟ್ಟೆ ಚುರುಕ್ ಅಂದಿತು. ಬೇಲಿಯ ಕಡೆ ನೋಡಿದರೆ, ಓತಿಕ್ಯಾತನ ಕತ್ತು ಅವಳಿಗಿಂತ ಮೊದಲೇ ಕೆಂಪಾಗಿತ್ತು. ಅವನನ್ನು ನೋಡಿ ಅವಳಿಗೆ ನಗು ಬಂತು. ಮಗಳೂ ನಕ್ಕಳು.

ನಿಮ್ಮ ಮನೆಯ ಬೇಲಿಯ ಮೇಲೂ ಅವನು ಕತ್ತು ಕೆಂಪು ಮಾಡಿಕೊಂಡು ತಲೆ ಕುಣಿಸುತ್ತಿದ್ದರೆ ಕಲ್ಲು ಹೊಡೆಯಬೇಡಿ, ಮಕ್ಕಳೇ. ಅವನು ಇವತ್ತಿಗೂ ಕೆಂಚಿಗೆ ಉತ್ತರ ಹೇಳುತ್ತಲೇ ಇದ್ದಾನೆ: ಹೌದು, ನಾನೇ ತಿಂದೆ. ಹೌದು, ನಾನೇ.