ಗರಿಕೆಗೆ ಗೆಣ್ಣಿಗೊಂದು ಕಾಲು

ಎಳೆದೆಳೆದು ಕೈ ನೋವಾಯಿತೇ? ಬಿಡು ಮಗಾ, ಗರಿಕೆ ಅಷ್ಟು ಸುಲಭಕ್ಕೆ ಕಿತ್ತು ಬರುವುದಿಲ್ಲ. ಅದಕ್ಕೆ ಗೆಣ್ಣಿಗೊಂದು ಕಾಲು. ಯಾಕೆ ಅಂತ ಈ ಅಜ್ಜಿ ಹೇಳುತ್ತಾಳೆ, ಇಲ್ಲೇ ಹಳ್ಳದ ದಡದಲ್ಲಿ ಕೂತುಕೋ.

ಭೂಮಿಯ ಮಣ್ಣು ಇನ್ನೂ ಹಸಿಹಸಿಯಾಗಿದ್ದ ಕಾಲ. ಆಗ ಗರಿಕೆಗೆ ಇದ್ದದ್ದು ಒಂದೇ ಕಾಲು. ಬಡಕಲಾಗಿ ಈ ದಡದಲ್ಲಿ ನಿಂತಿತ್ತು.

ಕೆಂದಿ ಎಂಬ ಹಸು ದಿನವೂ ಹಳ್ಳಕ್ಕೆ ಬರುತ್ತಿದ್ದಳು. ಕೆಂದಿಯದು ದೊಡ್ಡ ಮನಸ್ಸು. ನೆರಳು ಕೊಟ್ಟ ಹೊಂಗೆಮರಕ್ಕೆ ಸಗಣಿ ಹಾಕಿದಳು, ಮರ ಹೂಬಿಟ್ಟಿತು. ಮೇವು ಕೊಟ್ಟ ಹೊಲಕ್ಕೆ ಸಗಣಿ ಹಾಕಿದಳು, ಹೊಲದ ತುಂಬ ತೆನೆ ಬಂತು. ಹಾಗಾದರೆ ದಿನಾ ನೀರು ಕೊಡುವ ಹಳ್ಳಕ್ಕೆ? ಪಾಪ, ನೀರಿನಲ್ಲೇ ನಿಂತು ಎಲ್ಲರಿಗಿಂತ ಹೆಚ್ಚು ಹಾಕಿದಳು.

ಹಳ್ಳಕ್ಕೆ ಬಲು ಸಂಕೋಚ. ಹಾಕಿದ್ದನ್ನೆಲ್ಲ ತುಂಬಿಕೊಂಡಳು. ನೀರಿಗೆ ಪಾಚಿ ಕಟ್ಟಿತು, ನಾತ ಬಂತು. ಹಳ್ಳದಲ್ಲಿದ್ದ ಮೀನಮ್ಮನ ಮರಿಗಳು ಮೇಲೆ ಬಂದು ಬಾಯಿ ಬಾಯಿ ಬಿಟ್ಟವು.

"ಅಕ್ಕಾ, ನನ್ನ ಮಕ್ಕಳಿಗೆ ಉಸಿರು ಕಟ್ಟುತ್ತಿದೆ. ಬೇಡ ಅನ್ನಬಾರದೇ?" ಎಂದಳು ಮೀನಮ್ಮ.

"ಪ್ರೀತಿಯಿಂದ ಕೊಡುವವಳಿಗೆ ಹೇಗೆ ಬೇಡ ಅನ್ನಲಿ?" ಎಂದಳು ಹಳ್ಳ.

ಕೆಂದಿಗೆ ಕೇಳಿಸಿತು. ನಾಚಿಕೆಯಾಗಿ ದಡಕ್ಕೆ ಬಂದು ನಿಂತಳು. "ನನ್ನ ಹತ್ತಿರ ಕೊಡುವುದಕ್ಕೆ ಇರುವುದು ಇದೊಂದೇ," ಎಂದು ಕಣ್ಣೀರು ಹಾಕಿದಳು.

"ಕೆಂದಕ್ಕಾ, ಅದನ್ನು ನನಗೆ ಕೊಡು," ಅಂದಿತು ಗರಿಕೆ. "ನನಗೋ ಹಸಿವೆ. ನಾನು ಉಂಡು, ಹಳ್ಳಕ್ಕೆ ತಿಳಿನೀರು ಮಾತ್ರ ಕಳಿಸುತ್ತೇನೆ."

ಕೆಂದಿ ಖುಷಿಯಿಂದ ದಡದಲ್ಲೇ ಗರಿಕೆಯ ಬುಡಕ್ಕೆ ಸಗಣಿ ಹಾಕಿದಳು. ಮರುದಿನವೇ ಜೋರು ಮಳೆ. ದಡದ ಸಗಣಿಯೆಲ್ಲ ಕರಗಿ ಹಳ್ಳದ ಕಡೆಗೆ ಹೊರಟಿತು. ಒಂಟಿ ಕಾಲಿನ ಗರಿಕೆ ಎಷ್ಟೆಂದು ತಡೆದೀತು? ಆದರೂ ಮಾತು ಕೊಟ್ಟಾಗಿತ್ತು. ನೀರಿಗೆ ಅಡ್ಡ ಮಲಗಿ, ಒಂದು ಗೆಣ್ಣಿನಿಂದ ಕಾಲೂರಿತು. ನೀರು ಎಳೆಯಿತು. ಇನ್ನೊಂದು ಗೆಣ್ಣಿನಿಂದ ಕಾಲೂರಿತು. ನೀರು ಮತ್ತೆ ಎಳೆಯಿತು. ಮತ್ತೊಂದು ಕಾಲು, ಮಗದೊಂದು ಕಾಲು. ದಡದುದ್ದಕ್ಕೂ ಹಬ್ಬಿ ಸಗಣಿಯನ್ನೆಲ್ಲ ಹಿಡಿದುಕೊಂಡಿತು.

ಮಳೆ ನಿಂತಿತು. ಹಳೆಯ ಪಾಚಿ ಕೊಚ್ಚಿಹೋಗಿತ್ತು. ಮೀನಮ್ಮ ಮರಿಗಳನ್ನು ಹುಡುಕಿದಳು, ಎಲ್ಲವೂ ತಳದ ಕಲ್ಲಿನ ಹತ್ತಿರ ಆಡುತ್ತಿದ್ದವು.

"ಕೆಂದಕ್ಕಾ, ನೀನು ಕೊಟ್ಟದ್ದು ಈಗ ನನಗೆ ಮುಟ್ಟಿತು," ಎಂದಳು ಹಳ್ಳ. ಕೆಂದಿ ಬಾಗಿ ಗರಿಕೆಯನ್ನು ನೆಕ್ಕಿದಳು.

ಅದಕ್ಕೇ ಮಗಾ, ನಾವು ತಿಪ್ಪೆಯನ್ನು ಹಳ್ಳದಿಂದ ದೂರ ಹಾಕುವುದು, ದಡದ ಗರಿಕೆಯನ್ನು ಕೆರೆಯದೆ ಬಿಡುವುದು. ನನಗಂತೂ ಅದನ್ನು ಕಂಡರೆ ಕೈ ಮುಗಿಯಬೇಕು ಅನ್ನಿಸುತ್ತದೆ. ನೀನು ಕಿತ್ತ ಆ ಎಳೆಯನ್ನು ಒದ್ದೆ ಮಣ್ಣಿನ ಮೇಲೆ ಇಟ್ಟುಬಿಡು. ನಾಲ್ಕು ದಿನ ಬಿಟ್ಟು ಬಂದು ನೋಡು, ಕೆಂದಿಗೆ ಕೊಟ್ಟ ಮಾತನ್ನು ಇವತ್ತಿಗೂ ಮರೆಯದೆ ಅದು ಮತ್ತೆ ಕಾಲೂರಿರುತ್ತದೆ.