ಕಡಲೆ ಎಲೆಗೆ ಹುಳಿ ಹತ್ತಿದ್ದು

ಲೋಕ ಹೊಸದಾಗಿದ್ದಾಗ, ಗುಡ್ಡಗಳ ಮೈ ಇನ್ನೂ ಹಸಿಯಾಗಿದ್ದಾಗ, ಮೊಟ್ಟಮೊದಲ ಕಡಲೆಕಾಳು ಬಿತ್ತಿದವನು ನಾನೇ. ಸರಿ, ಹಾಗೆ ಮುಖ ನೋಡಬೇಡಿ, ಸುಳ್ಳು. ಬಿತ್ತಿದವಳು ನಿಂಬೆವ್ವ. ನಾನು ಬದುವಿನ ಮೇಲೆ ಕೂತು ನೋಡುತ್ತಿದ್ದೆ. ಅದೂ ಸುಳ್ಳೇ. ಮುಂದಿನದೆಲ್ಲ ನಿಜ.

ಆಗ ಚಳಿಗಾಲ ಬಂತೆಂದರೆ ಲೋಕಕ್ಕೆಲ್ಲ ರಜೆ. ಬೀಜ ಮಲಗುತ್ತಿತ್ತು, ಮಣ್ಣು ಮಲಗುತ್ತಿತ್ತು, ಮೋಡವಂತೂ ಊರಲ್ಲೇ ಇರುತ್ತಿರಲಿಲ್ಲ. ಎಚ್ಚರ ಇದ್ದದ್ದು ನಿಂಬೆವ್ವನ ಐದು ಮಕ್ಕಳ ಹೊಟ್ಟೆ ಮಾತ್ರ. ಆ ವರ್ಷದ ಜೋಳವನ್ನು ಮಿಡತೆ ತಿಂದಿತ್ತು. ಉಳಿದದ್ದು ಒಂದು ಹಿಡಿ ಕಡಲೆ. ಬೇಯಿಸಿದರೆ ಒಂದು ಹೊತ್ತಿನ ಊಟ. ಬಿತ್ತಿ ಏಳದಿದ್ದರೆ ಅದೂ ಇಲ್ಲ.

“ಒಂದ ಮಳಿ ಸುರದು ಹೋಗೋ ನಮ್ಮಪ್ಪಾ,” ಎಂದು ಆಕೆ ಹೊರಟಿದ್ದ ಮೋಡವನ್ನು ಕೇಳಿದಳು.

“ನನ್ನ ಕೆಲಸ ಮುಗೀತು ಬೇ. ಮುಂದ ಮುಂಗಾರಿಗೆ ನೋಡೂಣು.”

ಎರೆಮಣ್ಣು ಒಂದು ಕಣ್ಣು ತೆರೆಯಿತು. “ನನ್ನ ಹೊಟ್ಟ್ಯಾಗ ಹಸಿ ಐತಿ. ಆಳಕ್ಕ ಹಾಕು. ಹಾಕಿ ಸುಮ್ನ ಕೂಡು.”

ಹಾಕಿದಳು. ಸುಮ್ಮನೆ ಕೂರುವುದು ಮಾತ್ರ ಆಗಲಿಲ್ಲ. ದಿನಾ ಬೆಳಿಗ್ಗೆ ಮಣ್ಣು ಕೆದರಿ, ಒಂದು ಕಾಳು ಎತ್ತಿ, ಬೆಳಕಿಗೆ ಹಿಡಿದು ನೋಡಿ ಮತ್ತೆ ಹೂಳುತ್ತಿದ್ದಳು. ದಿನಾ ಅದೇ ಕಾಳು.

“ಬಂತೇನೋ ಮೊಳಕಿ?”

“ಮೈಮ್ಯಾಲಿನ ಕೌದಿ ಕಿತ್ತು, ನಿದ್ದಿ ಬಂತೇನು ಅಂತ ಕೇಳಿದಂಗಾತು! ಹೋಗಬೇ ಯವ್ವಾ!” ಎಂದು ಕಾಳು ಸಿಡುಕಿತು.

ಮರುದಿನ ಮತ್ತೆ. “ಈಗ?”

ಐದನೆಯ ದಿನ ಆಕೆಯ ಕಾಟ ತಾಳದೆ ಕಾಳು ತಾನಾಗಿ ಮೇಲೆ ಬಂತು. ಉಳಿದವು ತಮ್ಮ ಸರದಿ ಬರುವ ಮೊದಲೇ ಎದ್ದವು.

ಹಸಿರು ಕಂಡ ಆಡು ಬಂದು ಕುಡಿ ಕಡಿಯಿತು. ಕಡಲೆ ಹಠಕ್ಕೆ ಎರಡು ಕುಡಿ ಒಡೆಯಿತು. ಆಡು ಎರಡನ್ನೂ ಕಡಿಯಿತು. ಕಡಲೆ ನಾಲ್ಕು ಒಡೆಯಿತು. ನಿಂಬೆವ್ವ ಬಡಿಗೆ ಹಿಡಿದು ಇತ್ತಲಿಂದ ಓಡಿಸಿದರೆ ಆಡು ಅತ್ತಲಿಂದ ಬರುತ್ತಿತ್ತು.

“ಮಣ್ಣಾಗ ಇದ್ದರ ಈಕಿ, ಮ್ಯಾಲೆ ಬಂದರ ಇದು!” ಕಡಲೆ ಹಲ್ಲು ಕಡಿಯಿತು, ಹಲ್ಲಿಲ್ಲದಿದ್ದರೂ. ಇನ್ನಷ್ಟು ಬೈಯೋಣವೆಂದರೆ ಚಳಿಗೆ ಬಾಯಿ ಕಟ್ಟಿತು. ನುಂಗಿದ ಸಿಟ್ಟೆಲ್ಲ ಹುಳಿಯಾಗಿ ಎಲೆಯ ನವಿರು ಕೂದಲುಗಳ ತುದಿಗೆ ಬಂದು ನಿಂತಿತು. ಬೆಳಗಿನ ಇಬ್ಬನಿ ಅದನ್ನು ಎಲೆತುಂಬ ಸವರಿತು.

ಆಡು ಬಾಯಿ ಹಾಕಿತು. ತುಟಿ ಮೇಲೆತ್ತಿತು, ಮೂಗು ಸುಕ್ಕಾಗಿಸಿತು, “ಮ್ಯಾಂ!” ಎಂದು ಒಂದೇ ಓಟ.

“ಇನ್ನರ ಸುಮ್ನ ಬಿಡ್ತಾರ,” ಎಂದು ಕಡಲೆ ಉಸಿರುಬಿಟ್ಟಿತು.

ನಿಂಬೆವ್ವ ಒಂದೆಲೆ ನೆಕ್ಕಿದಳು. ಒಂದು ಕಣ್ಣು ಮುಚ್ಚಿತು, ಇನ್ನೊಂದು ಅರಳಿತು. “ಏ, ಚಲೋ ಐತಲ್ಲ! ಕಾಯಿ ಬರೂತನಾ ಹುಡುಗ್ರಿಗೆ ಪಲ್ಯ ಆತು!” ಕಡಿದಷ್ಟೂ ಕವಲೊಡೆಯುವುದನ್ನೂ ಆಕೆ ನೋಡಿಟ್ಟುಕೊಂಡಿದ್ದಳು. ಉಡಿ ಕಟ್ಟಿ, ಸಾಲು ಹಿಡಿದು, ಕುಡಿ ಚಿವುಟುತ್ತ ಹೊರಟಳು.

“ನೀನೂ ಏನಬೇ!” ಎಂದು ಕಡಲೆ ಕೂಗಿತು. ಚಿವುಟಿದಲ್ಲೆಲ್ಲ ಹಠಕ್ಕೆ ಕವಲೊಡೆದು, ಕವಲಿನ ತುಂಬ ಹೂಬಿಟ್ಟು, ಕಾಯಿ ಕಟ್ಟಿತು. ಐದು ಹೊಟ್ಟೆಯೂ ತುಂಬಿತು.

ಇವತ್ತಿಗೂ ಚಳಿಗಾಲದ ಬೆಳಿಗ್ಗೆ ಕಡಲೆ ಹೊಲಕ್ಕೆ ಇಳಿದರೆ ಎಲೆ ಹುಳಿ, ಹೆಂಗಸರು ಚಿವುಟುತ್ತಲೇ ಇರುತ್ತಾರೆ, ಗಿಡ ಹಠಕ್ಕೆ ಕವಲೊಡೆಯುತ್ತಲೇ ಇರುತ್ತದೆ. ನಂಬಿಕೆ ಇಲ್ಲವೇ? ಹೋಗಿ ನೆಕ್ಕಿ ನೋಡಿ. ಹೋಗುವ ಮುಂಚೆ ಮಾತ್ರ ಕಥೆ ಹೇಳಿದ್ದಕ್ಕೆ ನನ್ನ ಚಹಾದ ದುಡ್ಡು ಕೊಟ್ಟುಬಿಡಿ. ಬಾಯಿ ಹುಳಿ ಮಾಡಿಕೊಂಡು ಬಂದವರು ಯಾರಿಗೂ ಚಹಾ ಕುಡಿಸಿದ್ದನ್ನು ನಾನು ಕಂಡಿಲ್ಲ.